ತಿರುಗಿ ಬಂದವರನ್ನು ಎಲ್ಲಿ ಬಿಡಿಸುವುದು?

ನಮ್ಮೂರಿನ ಶಾಲೆಯ ಹಳೆ ಸಭಾಂಗಣದಲ್ಲಿ ಈಗ ಒಂದು ದೊಡ್ಡ ಚಿತ್ರ ಇದೆ. 12 ಅಡಿ ಅಗಲ, 5 ಅಡಿ ಎತ್ತರ. ಬಾಗಿಲಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ಮಣ್ಣು. ಚಿತ್ರದ ಕೆಳಗಿನ ಒಂದು ಅಡಿ ಪೂರ್ತಿ, ಈ ತುದಿಯಿಂದ ಆ ತುದಿಯವರೆಗೆ, ನಮ್ಮ ಮುರಕಲ್ಲಿನ ಬಣ್ಣದ ನೆಲ. ಆ ನೆಲದ ಮೇಲೆ ಸಾವಿರದ ಇನ್ನೂರು ವರ್ಷಗಳ ಜನ ನಿಂತಿದ್ದಾರೆ.

ನಮ್ಮೂರು ಉಡುಪಿ ಜಿಲ್ಲೆಯ ಶಂಕರಪುರದ ಬದಿಯಲ್ಲಿ. ಈ ಕರಾವಳಿಯಿಂದ ಯುದ್ಧಕ್ಕೆ ಹೋದವರ ನೆನಪಿಗೆ ಒಂದು ಚಿತ್ರ ಮಾಡಿಸಬೇಕು ಅಂತ ಶಾಲೆಯ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ತೀರ್ಮಾನ ಮಾಡಿದೆವು. ಹಿಂದಿನ ಕಾಲದಿಂದ ಇವತ್ತಿನವರೆಗೆ, ಎಲ್ಲರೂ ಅದರಲ್ಲಿ ಇರಬೇಕು. ಬಿಡಿಸುವ ಕೆಲಸ ನಮ್ಮ ಡ್ರಾಯಿಂಗ್ ಮಾಸ್ಟ್ರದ್ದು. ಮಾಹಿತಿ ಒಟ್ಟು ಮಾಡುವ ಕೆಲಸ ನನ್ನದು. ಮೊದಲ ದಿನವೇ ನಾನು ಒಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಉಳ್ಳಾಲದ ರಾಣಿ ಅಬ್ಬಕ್ಕ, ಬ್ರಿಟಿಷರ ವಿರುದ್ಧ ರೈತರು ಎದ್ದ ಕಲ್ಯಾಣಪ್ಪನ ಕಾಟಕಾಯಿ, ಎರಡು ಮಹಾಯುದ್ಧ, 65 ಮತ್ತು 71ರ ಪಾಕಿಸ್ತಾನ ಯುದ್ಧ, ಕಾರ್ಗಿಲ್.

ಮಾಸ್ಟ್ರು ಪಟ್ಟಿಯನ್ನು ಎರಡು ಸಲ ಓದಿದರು. ಮತ್ತೆ ಕೇಳಿದರು, "ಇದರಲ್ಲಿ ಸತ್ತವರನ್ನ ಬಿಡಿಸ್ಬೇಕಾ, ತಿರುಗಿ ಬಂದವರನ್ನ ಬಿಡಿಸ್ಬೇಕಾ?"

"ಇಬ್ಬರನ್ನೂ" ಅಂದೆ. ಏನೂ ಯೋಚನೆ ಮಾಡದೆ ಹೇಳಿದ ಮಾತು ಅದು.

"ಸತ್ತವರನ್ನ ಹೇಗೆ ಬಿಡಿಸ್ಬೇಕು ಅಂತ ನಮ್ಮವರಿಗೆ ಗೊತ್ತುಂಟು. ತಿರುಗಿ ಬಂದವನನ್ನ ಹೇಗೆ ಬಿಡಿಸುವುದು?"

ಆ ಪ್ರಶ್ನೆ ನನ್ನನ್ನು ನಾಲ್ಕು ತಿಂಗಳು ಬಿಡಲಿಲ್ಲ.

ಮಾಸ್ಟ್ರು ಹೇಳಿದ್ದು ನಿಜ. ಸತ್ತವರನ್ನು ನೆನೆಯುವುದು ಈ ನೆಲಕ್ಕೆ ತುಂಬಾ ಹಿಂದಿನಿಂದ ಗೊತ್ತು. ಉದ್ಯಾವರ ನಮ್ಮಲ್ಲಿಂದ ದೂರ ಇಲ್ಲ. ಅಲ್ಲಿಯ ಶಂಭುಕಲ್ಲು ದೇವಸ್ಥಾನದ ಹತ್ತಿರ ಹಳಗನ್ನಡದ ಶಾಸನದ ಕಲ್ಲುಗಳು ಸಿಕ್ಕಿವೆ. ಎಂಟನೇ ಶತಮಾನದ ಹೊತ್ತಿನವು. ಆಗ ಉದ್ಯಾವರದ ಹೆಸರು ಉದಯಪುರ, ಆಳುಪ ಅರಸರ ಊರು. ಆ ಪಟ್ಟಕ್ಕಾಗಿ ಮನೆತನದೊಳಗೇ ಜಗಳ ಹತ್ತಿತು. ರಣಸಾಗರ, ಶ್ವೇತವಾಹನ ಅಂತ ಹೆಸರು ಬರುತ್ತದೆ. ಆ ಕಾದಾಟದಲ್ಲಿ ಬಿದ್ದ ಆಳುಗಳಿಗೆ ಕಲ್ಲು ನಿಲ್ಲಿಸಿದರು, ಅವರ ಹೆಸರು ಬರೆಸಿದರು. ಅರಸರ ಹೆಸರು ಕಲ್ಲಿನ ಮೇಲೆ ಇರುವುದು ದೊಡ್ಡ ವಿಷಯ ಅಲ್ಲ. ಊರಿನ ಒಬ್ಬ ಸಾಮಾನ್ಯ ಆಳು ಇಂಥವನ ಪರವಾಗಿ ಕಾದಿ ಬಿದ್ದ ಅಂತ ಕೊರೆಸಿದ್ದಾರಲ್ಲ, ಅದು ದೊಡ್ಡದು. ಎರಡೂ ಕಡೆ ಬಿದ್ದವರು ನಮ್ಮದೇ ಊರಿನವರು. ನಾನು ಆ ಊರಿನ ಮೇಲಿಂದ ಮೂವತ್ತು ವರ್ಷ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ಒಂದು ಸಲವೂ ಇಳಿದು ನೋಡಿರಲಿಲ್ಲ.

ಕರ್ನಾಟಕದ ಎಲ್ಲ ಕಡೆ ಕಾಣುವ ವೀರಗಲ್ಲಿನ ಕ್ರಮ ನಿಮಗೂ ಗೊತ್ತಿರಬಹುದು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಲಿಂಗದ ಎದುರು ಅವನು ಕೈಮುಗಿದು ಕೂತಿರುತ್ತಾನೆ. ಕೆಳಗಿಂದ ಮೇಲಕ್ಕೆ ಓದಬೇಕು. ಅದರಲ್ಲಿ ಮನೆಗೆ ಹೋಗುವ ದಾರಿ ಇಲ್ಲ.

ತುಳುನಾಡಿನಲ್ಲಿ ಕಲ್ಲಿಗಿಂತ ಮಾತು ಜಾಸ್ತಿ. ನಮ್ಮ ಅವಳಿ ವೀರರು ಕೋಟಿ ಚೆನ್ನಯರು ಎಣ್ಮೂರಿನ ಕಾಳಗದಲ್ಲಿ ಬಿದ್ದರು. ಕಾಯ ಬಿಟ್ಟು ಮಾಯಕ್ಕೆ ಸಂದರು ಅಂತ ಹೇಳುತ್ತೇವೆ. ಆಮೇಲೆ ಅವರಿಗೆ ಗುಡಿಯಾಗಿ ಗರಡಿ, ಹಾಡಾಗಿ ಪಾಡ್ದನ, ದೈವವಾಗಿ ಕುಣಿಯುವ ನೇಮ. ಪ್ರತಿ ವರ್ಷ ಅವರು ಊರಿಗೆ ಬರುತ್ತಾರೆ, ನಮ್ಮ ಸುಖದುಃಖ ಕೇಳುತ್ತಾರೆ. ಇಷ್ಟು ಹತ್ತಿರದಿಂದ, ಇಷ್ಟು ಪ್ರೀತಿಯಿಂದ ಸತ್ತ ವೀರರನ್ನು ಇಟ್ಟುಕೊಂಡ ಸೀಮೆ ಬೇರೆ ಎಷ್ಟಿದೆಯೋ. ಆದರೆ ಕಾಯದಲ್ಲೇ ಉಳಿದು, ತೋಳಿನಲ್ಲಿ ಗಾಯ ಇಟ್ಟುಕೊಂಡು, ಮರುದಿನ ಗದ್ದೆಗೆ ಇಳಿದವನ ಪಾಡ್ದನ ಯಾರು ಹಾಡಿದ್ದಾರೆ?

ಈಗಿನ ಕಾಲದ್ದೂ ಹಾಗೆಯೇ. ಮಂಗಳೂರಿನ ಕದ್ರಿ ಗುಡ್ಡದಲ್ಲಿ ಯುದ್ಧ ಸ್ಮಾರಕ ಇದೆ. ಉಡುಪಿಯ ಅಜ್ಜರಕಾಡಿನಲ್ಲಿ ಹುತಾತ್ಮರ ಸ್ಮಾರಕ ಇದೆ. ಜುಲೈ 26ಕ್ಕೆ, ಕಾರ್ಗಿಲ್ ವಿಜಯದ ದಿನ, ಹೂವು ಇಡುತ್ತೇವೆ. ಇಡಲೇಬೇಕು. 1999ರಲ್ಲಿ 527 ಮಂದಿ ಹೋದರು, ಅದರಲ್ಲಿ ಎಷ್ಟೋ ಮಂದಿ 25 ವರ್ಷ ದಾಟಿರಲಿಲ್ಲ. ಅಲ್ಲಿ ಹೂವು ಇಡುವವರ ಸಾಲಿನಲ್ಲಿ ಬಿಳಿ ಅಂಗಿಗೆ ಪದಕ ಸಿಕ್ಕಿಸಿಕೊಂಡು ಕೆಲವು ಹಿರಿಯರು ನಿಂತಿರುತ್ತಾರೆ. ಎಲ್ಲರೂ ಸ್ಮಾರಕದ ಫೋಟೋ ತೆಗೆಯುತ್ತಾರೆ. ಆ ಸಾಲಿನ ಫೋಟೋ ಕಡಿಮೆ.

ಚಿತ್ರ ಗೋಡೆಯ ಮೇಲೇ ಬರಲಿ ಅಂತ ಮೊದಲು ಇತ್ತು. ಮಾಸ್ಟ್ರು ಗೋಡೆಗೆ ಅಂಗೈ ಒತ್ತಿ ನೋಡಿ ಬೇಡ ಅಂದರು. ಮುರಕಲ್ಲಿನ ಗೋಡೆ ನಮ್ಮ ಮಳೆಗಾಲ ಪೂರ್ತಿ ನೀರು ಕುಡಿಯುತ್ತದೆ. ಎರಡು ಮಳೆಗೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಮಾಸ್ಟ್ರು ಚಿತ್ರ ಕಲಿಯುವಾಗ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಆಗಾಗ ಹೋಗುತ್ತಿದ್ದರಂತೆ, ಕತ್ತು ನೋಯುವವರೆಗೆ ಮೇಲೆ ನೋಡುತ್ತಿದ್ದರಂತೆ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಅಲ್ಲಿ ಬಿಡಿಸಿದ್ದು. ಗೋಡೆಯ ಮೇಲೆ ಹಸಿ ಗಾರೆಗೆ ಬಣ್ಣ ಕೊಟ್ಟಿದ್ದಾರೆ, ಮೇಲಿನ ಮಾಡಿಗೆ ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣ. ಹಸಿ ಗಾರೆಯ ಕೆಲಸ ಗೊತ್ತಿದ್ದವರಿಗೆ ಮಾತ್ರ. ನಾವು ಕ್ಯಾನ್ವಾಸ್ ತಂದೆವು. ಮೂರು ತುಂಡು, ಹಿಂದಿನಿಂದ ಮರದ ಚೌಕಟ್ಟು, ಗೋಡೆಗೆ ತಾಗದ ಹಾಗೆ ಎರಡು ಇಂಚು ಬಿಟ್ಟು ನಿಲ್ಲಿಸುವುದು ಅಂತ ಆಯಿತು.

ಎಡ ತುದಿಯಲ್ಲಿ ಉದ್ಯಾವರದ ಕಲ್ಲು ಬಂತು. ಅದರ ಪಕ್ಕ ಅಬ್ಬಕ್ಕ.

ಅಬ್ಬಕ್ಕನ ವಿಷಯದಲ್ಲಿ ನಮ್ಮ ಸಭೆಯಲ್ಲಿ ದೊಡ್ಡ ಚರ್ಚೆ ಆಯಿತು. ಕುದುರೆ ಇರಬೇಕು, ಕತ್ತಿ ಎತ್ತಿರಬೇಕು ಅಂತ ಹೆಚ್ಚಿನವರ ಆಸೆ. ತಪ್ಪೇನಿಲ್ಲ. ಪೋರ್ಚುಗೀಸರು ಕಪ್ಪ ಕೇಳಿದಾಗ ಕೊಡುವುದಿಲ್ಲ ಅಂದ ಊರು ಉಳ್ಳಾಲ. 1555ರಲ್ಲಿ ಅವರ ಹಡಗು ಬಂತು. 1568ರಲ್ಲಿ ಮತ್ತೆ ಬಂದರು, ಅರಮನೆ ಹಿಡಿದರು, ಅದೇ ರಾತ್ರಿ ಅಬ್ಬಕ್ಕನ ಕಡೆಯವರು ತಿರುಗಿ ಬಿದ್ದು ಅವರ ದಂಡನಾಯಕನನ್ನೇ ಕೊಂದರು. ಅವಳ ಜೊತೆ ಮೊಗವೀರರು, ಬಿಲ್ಲವರು, ಬ್ಯಾರಿಗಳು ಎಲ್ಲ ಇದ್ದರು ಅಂತ ಕರಾವಳಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಭಾರತದ ಕರಾವಳಿ ಕಾವಲು ಪಡೆಯ ಒಂದು ಹಡಗಿಗೆ 2012ರಲ್ಲಿ ಅವಳ ಹೆಸರು ಇಟ್ಟರು.

ಆದರೆ ಮುಖ ಯಾವುದು? ಅವಳನ್ನು ಕೂರಿಸಿ ಯಾರೂ ಚಿತ್ರ ಬರೆದಿಲ್ಲ. ಹುಡುಕುವಾಗ ನನಗೆ ಸಿಕ್ಕಿದ್ದು ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಬರೆದದ್ದು. 1623ರಲ್ಲಿ ಅವನು ಮಂಗಳೂರಿನ ಕಡೆ ಬಂದಿದ್ದ. ಮಣೇಲ್‌ನಲ್ಲಿ ಉಳ್ಳಾಲದ ರಾಣಿಯನ್ನು ದಾರಿಯಲ್ಲೇ ನೋಡಿದ. ಅವಳು ನಡೆದುಕೊಂಡು ಬರುತ್ತಿದ್ದಳು. ಬರಿಗಾಲು. ಸಾದಾ ಹತ್ತಿ ಬಟ್ಟೆ. ತಲೆಯ ಮೇಲೆ ಓಲೆಯ ಕೊಡೆ. ನೀರಿನ ತೋಡು ಅಗೆಸುವ ಕೆಲಸ ನೋಡಿಕೊಳ್ಳಲು ಹೋಗಿದ್ದಳು. ಉಳ್ಳಾಲದಲ್ಲಿ ಅಬ್ಬಕ್ಕ ಹೆಸರಿನ ರಾಣಿಯರು ಒಬ್ಬರಿಗಿಂತ ಜಾಸ್ತಿ ಇದ್ದರು ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ವರ್ಷ ಲೆಕ್ಕ ಹಾಕಿದರೆ 1555ರವಳೇ ಇವಳು ಅನ್ನುವುದು ಕಷ್ಟ. ಇರಲಿ. ಹಡಗುಗಳನ್ನು ಎದುರಿಸಿದ ಮನೆತನದ ಹೆಣ್ಣೊಬ್ಬಳು ಬರಿಗಾಲಲ್ಲಿ ಹೋಗಿ ಮಣ್ಣಿನ ಕೆಲಸ ನೋಡಿದಳು. ಅದನ್ನು ಓದಿ ಹೇಳಿದಾಗ ಮಾಸ್ಟ್ರು ಸುಮ್ನೆ ಕೂತರು. ಸ್ವಲ್ಪ ಹೊತ್ತು ಬಿಟ್ಟು ಪೆನ್ಸಿಲ್ ತೆಗೆದರು.

ಹಾಗಾಗಿ ನಮ್ಮ ಚಿತ್ರದ ಅಬ್ಬಕ್ಕನ ಕೈಯಲ್ಲಿ ಕತ್ತಿ ಇಲ್ಲ. ಓಲೆ ಕೊಡೆಯ ನೆರಳು ಅರ್ಧ ಮುಖಕ್ಕೆ ಬಿದ್ದಿದೆ. ಕಾಲಿಗೆ ಕೆಂಪು ಮಣ್ಣು ಮೆತ್ತಿದೆ. ಹಿಂದೆ ಸಮುದ್ರ, ದೂರದಲ್ಲಿ ಉರಿಯುವ ಒಂದು ಹಡಗು, ಹೆಬ್ಬೆರಳಿನ ಉಗುರಿನಷ್ಟು. ಯುದ್ಧ ಬೇಕು ಅಂದ ಹಿರಿಯರೊಬ್ಬರು ಆ ಹಡಗನ್ನು ಹತ್ತಿರ ಹೋಗಿ ನೋಡಿದರು. ಮತ್ತೆ ಆ ಕಾಲು ನೋಡಿದರು. "ಇದೂ ಸರಿಯೇ" ಅಂದರು. ನನಗೆ ಅದು ಮರೆಯುವುದಿಲ್ಲ.

1837ರ ಕಲ್ಯಾಣಪ್ಪನ ಕಾಟಕಾಯಿ ಚಿತ್ರದ ನಡುವೆ ಬರುತ್ತದೆ. ಕೊಡಗನ್ನು 1834ರಲ್ಲಿ ಬ್ರಿಟಿಷರು ತೆಗೆದುಕೊಂಡ ಮೇಲೆ ಅಮರ ಸುಳ್ಯದ ಭಾಗ ಕೆನರಾ ಜಿಲ್ಲೆಗೆ ಸೇರಿತು. ಬೆಳೆಯಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಹಣದಲ್ಲಿ ಕೊಡಿ ಅಂದರು. ರೈತನ ಹತ್ತಿರ ಭತ್ತ ಉಂಟು, ರೂಪಾಯಿ ಎಲ್ಲಿಂದ ಬರಬೇಕು? ಜನ ಎದ್ದರು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತರು. ಬೆಳ್ಳಾರೆಯ ಖಜಾನೆ, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಹಿಡಿದರು. ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು, ಇವತ್ತಿಗೂ ಅದು ಬಾವುಟಗುಡ್ಡೆ. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಹೊರಗಿನಿಂದ ದಂಡು ಬಂದ ಮೇಲೆ ಎಲ್ಲ ಮುಗಿಯಿತು. ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. ಉಳಿದ ರೈತರು? ಬಂದ ದಾರಿಯಲ್ಲೇ ಸುಳ್ಯದ ಕಡೆ ನಡೆದಿರಬೇಕು, ರಾತ್ರಿ, ಯಾರಿಗೂ ಕಾಣದ ಹಾಗೆ. ಮಾಸ್ಟ್ರು ಬಾವುಟವನ್ನೂ ಬಿಡಿಸಿದರು, ತಲೆ ತಗ್ಗಿಸಿ ನಡೆಯುವ ಆ ಸಾಲನ್ನೂ ಬಿಡಿಸಿದರು. ಸಾಲು ದೊಡ್ಡದು.

ಮಹಾಯುದ್ಧಗಳ ಕಾಲದಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಎರಡನೇ ಯುದ್ಧ ಮುಗಿಯುವಾಗ ಭಾರತದ ಸೈನ್ಯದಲ್ಲಿ 25 ಲಕ್ಷ ಜನ. ಸುಮಾರು 87,000 ಮಂದಿ ಸತ್ತರು. ಹಾಗಾದರೆ ಮನೆಗೆ ಬಂದವರು ಎಷ್ಟು ಅಂತ ಲೆಕ್ಕ ಹಾಕಿ. ಬರ್ಮಾದ ಕಾಡು, ಆಫ್ರಿಕದ ಮರಳು ನೋಡಿ ಬಂದವರು ಮಂಗಳೂರು ಸ್ಟೇಷನ್‌ನಲ್ಲಿ ಇಳಿದಿದ್ದಾರೆ, ಯಾಕೆಂದರೆ ಉಡುಪಿಗೆ ರೈಲು ಬಂದದ್ದೇ 1990ರ ದಶಕದಲ್ಲಿ, ಕೊಂಕಣ ರೈಲ್ವೆಯಲ್ಲಿ. ಆಮೇಲೆ ಹೊಳೆ ದಾಟಿ, ನಡೆದು, ಮನೆ. ಅವರನ್ನು ಮಾಸ್ಟ್ರು ಹಿಂದಿನಿಂದ ಕಾಣುವ ಹಾಗೆ ಬಿಡಿಸಿದ್ದಾರೆ. ಹೆಗಲ ಮೇಲೆ ಟ್ರಂಕ್. ಮುಖ ಕಾಣುವುದಿಲ್ಲ.

ಆ ಟ್ರಂಕ್ ನನ್ನ ಮಾವನದ್ದು.

ನನ್ನ ಸೋದರಮಾವ 1968ರಲ್ಲಿ ಮಿಲಿಟ್ರಿಗೆ ಸೇರಿದರು. ಬೆಂಗಳೂರಿನ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಮದ್ರಾಸ್ ಸ್ಯಾಪರ್ಸ್ ಅಂತಲೂ ಹೇಳುತ್ತಾರೆ, ಅಲ್ಲಿನ ಸೈನಿಕರಿಗೆ ಸೈನ್ಯದಲ್ಲೆಲ್ಲ 'ತಂಬಿ' ಅಂತ ಹೆಸರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ಹೂತಿಟ್ಟ ನೆಲಬಾಂಬ್ ಹುಡುಕಿ ತೆಗೆಯುವುದು ಅವರ ಕೆಲಸ. ಮಾವ 17 ವರ್ಷ ದುಡಿದು ಪೆನ್ಷನ್ ಮೇಲೆ ಬಂದರು. ಆಮೇಲೆ ಒಂದು ಬ್ಯಾಂಕಿನಲ್ಲಿ ಗಾರ್ಡ್. ಈಗ ಮನೆಯಲ್ಲೇ. ಊರಲ್ಲಿ ನಮ್ಮ ಅಜ್ಜಿಮನೆಗೆ ಮಿಲಿಟ್ರಿ ಮನೆ ಅಂತಲೇ ಹೆಸರು. ಕಪ್ಪು ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರ್ ಇದೆ. ಈಗ ಅದರೊಳಗೆ ಅತ್ತೆ ಉಪ್ಪಿನಕಾಯಿ ಭರಣಿ ಸುತ್ತುವ ಬಟ್ಟೆ ಇಡುತ್ತಾರೆ. ನವೆಂಬರ್ ಬಂದರೆ ಮಾವ ಅದೇ ಟ್ರಂಕಿನಿಂದ ಕಾಗದ ತೆಗೆದು, ಶೂ ಪಾಲಿಶ್ ಮಾಡಿ, ಬದುಕಿದ್ದೇನೆ ಅಂತ ಪೆನ್ಷನ್‌ನವರಿಗೆ ತೋರಿಸಲು ಹೋಗುತ್ತಾರೆ.

ಶಂಕರಪುರ ಮಲ್ಲಿಗೆಯ ಊರು, ನಿಮಗೆ ಗೊತ್ತಲ್ವಾ. ಮಾವನ ಅಂಗಳದಲ್ಲಿ ನಲವತ್ತು ಗಿಡ ಇವೆ. ಬೆಳಿಗ್ಗೆ ಮೊಗ್ಗು ಕೊಯ್ಯುವುದು ಇಬ್ಬರೂ. ಬಾಳೆನಾರಿನಲ್ಲಿ ಕಟ್ಟುವುದು ಅತ್ತೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಕೊಳ್ಳುವ ಕಟ್ಟೆಯಲ್ಲಿ ಆ ದಿನದ ದರ ಏನೋ ಅದು.

ಗಿಡಕ್ಕೆ ಗೊಬ್ಬರ ಹಾಕಲು ಸುತ್ತ ಅಗೆಯಬೇಕು. ಬೇರೆಯವರು ನೇರ ಹಾರೆ ಹಾಕುತ್ತಾರೆ. ಮಾವ ಹಾಗೆ ಮಾಡುವುದಿಲ್ಲ. ಮೊದಲು ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂದು ತೆಳ್ಳಗಿನ ಕಬ್ಬಿಣದ ಸರಳು ಇದೆ, ಒಂದು ಮೊಳ ಉದ್ದ. ಅದನ್ನು ಓರೆಯಾಗಿ ಹಿಡಿದು ಮಣ್ಣಿಗೆ ಮೆಲ್ಲಗೆ ಚುಚ್ಚುತ್ತಾರೆ. ಒಂದು ಇಂಚು. ನಿಲ್ಲಿಸುತ್ತಾರೆ. ಇನ್ನೊಂದು ಇಂಚು. ಬೇರು ತಾಗಿದರೆ ಬೆರಳಿಗೆ ಗೊತ್ತಾಗುತ್ತದೆ. ತೆಗೆದು ನಾಲ್ಕು ಬೆರಳು ಆಚೆ ಮತ್ತೆ ಚುಚ್ಚುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇನೆ. ತೋಟದ ಕೆಲಸ ಹೀಗೇ ಇರುತ್ತದೆ ಅಂತ ತಿಳಿದಿದ್ದೆ.

ಈ ಚಿತ್ರದ ನೆಪದಲ್ಲಿ ಮೊದಲ ಸಲ ಕೇಳಿದೆ. "ಮಾವ, ಅದು ಯಾಕೆ ಓರೆ?"

"ಮೈನ್ ತಲೆ ಮೇಲೆ ಒತ್ತಿದ್ರೆ ಸಿಡಿಯೋದು. ಬದಿಗೆ ತಾಗಿದ್ರೆ ಏನಾಗೋದಿಲ್ಲ. ಹಾಗೆ ಓರೆಯಲ್ಲಿ ಹೋಗ್ಬೇಕು."

"ಇಲ್ಲಿ ಮೈನ್ ಇಲ್ವಲ್ಲ."

"ಕೈಗೆ ಅಭ್ಯಾಸ ಮಾರಾಯ."

ಅಷ್ಟೇ ಹೇಳಿದರು. ಉಳಿದದ್ದು ಅತ್ತೆಯಿಂದ ಗೊತ್ತಾಯಿತು, ಸ್ವಲ್ಪ ಓದಿ ಗೊತ್ತಾಯಿತು. 1971ರ ಡಿಸೆಂಬರ್, ಪಾಕಿಸ್ತಾನದ ಶಕರ್‌ಗಢದ ಭಾಗ, ಬಸಂತರ್ ನದಿ. ನಮ್ಮ ಟ್ಯಾಂಕುಗಳು ದಾಟಬೇಕಾದರೆ ಮೈನ್ ಹೂತ ನೆಲದಲ್ಲಿ ದಾರಿ ಆಗಬೇಕಿತ್ತು. 15ರ ರಾತ್ರಿ ಸ್ಯಾಪರ್‌ಗಳು ಗುಂಡು ಬೀಳುವಾಗಲೇ ಆ ಕೆಲಸ ಮಾಡಿದರು. ದಾರಿ ಪೂರ್ತಿ ಆಗುವ ಮೊದಲೇ ಶತ್ರು ಟ್ಯಾಂಕುಗಳು ಬರುವ ಸುದ್ದಿ ಬಂದು ನಮ್ಮವರು ಆ ನೆಲದ ಮೇಲೇ ನುಗ್ಗಿದರು. ಮರುದಿನ ಅಲ್ಲಿ 21 ವರ್ಷದ ಅರುಣ್ ಖೇತರ್‌ಪಾಲ್ ತೀರಿಕೊಂಡರು, ಪರಮವೀರ ಚಕ್ರ ಬಂತು. ಆ ಹೆಸರು ನಮಗೆಲ್ಲ ಗೊತ್ತು. ಅವರ ಟ್ಯಾಂಕಿಗೆ ದಾರಿ ಮಾಡಿದ ಕೈಗಳ ಬಗ್ಗೆ ನಾನು ಯೋಚನೆ ಮಾಡಿರಲೇ ಇಲ್ಲ. ಮಾವನಿಗೆ ಆಗ ಇಪ್ಪತ್ತೆರಡು. ಅವರ ಜೊತೆ ಕೊಯಮತ್ತೂರು ಕಡೆಯ ಒಬ್ಬ ಗೆಳೆಯ ಇದ್ದರಂತೆ. ಅವರು ಬರಲಿಲ್ಲ. ಮಾವ ಆ ಹೆಸರು ಹೇಳಿದ್ದನ್ನು ಅತ್ತೆ ಮದುವೆಯಾದ ಮೇಲೆ ಎರಡೇ ಸಲ ಕೇಳಿದ್ದಾರೆ.

ನಾನು ಇದನ್ನೆಲ್ಲ ಮಾಸ್ಟ್ರಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಅವರು ಮಾವನ ಅಂಗಳಕ್ಕೆ ಬಂದರು. ಹೂವು ಕೊಳ್ಳಲು ಬಂದವರ ಹಾಗೆ ಜಗಲಿಯಲ್ಲಿ ಕೂತು ಒಂದು ಗಂಟೆ ಸುಮ್ನೆ ನೋಡಿದರು.

ಚಿತ್ರದ ಬಲ ತುದಿಗೆ ಏನು ಬರಬೇಕು ಅಂತ ಆವತ್ತು ಗಟ್ಟಿ ಆಯಿತು. ಕೆಂಪು ನೆಲದಲ್ಲಿ ಒಂದು ಮಲ್ಲಿಗೆ ಗಿಡ. ಅದರ ಬುಡದಲ್ಲಿ ಸರಳು ಹಿಡಿದ ಒಂದು ಮುದಿ ಕೈ. ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಕೈ. ನರ ಎದ್ದಿದೆ, ಉಗುರಿನ ಒಳಗೆ ಮಣ್ಣಿದೆ. ಸಮವಸ್ತ್ರ ಎಲ್ಲಿ, ಕೋವಿ ಎಲ್ಲಿ ಅಂತ ಕೆಲವರು ಕೇಳಿದರು. ಅವು ಹಿಂದೆ ಇವೆ, ಕಾರ್ಗಿಲ್ ಬೆಟ್ಟದ ಬದಿಯಲ್ಲಿ. ಆದರೆ ನಾನು ಈ ಕೈಯ ಪರ ನಿಂತೆ. ಇವತ್ತಿಗೂ ನಿಲ್ಲುತ್ತೇನೆ.

ಆಗಸ್ಟ್ 15ಕ್ಕೆ ನಾಲ್ಕು ದಿನ ಇರುವಾಗ ಮಾವನನ್ನು ಕರೆದುಕೊಂಡು ಹೋದೆ. ಹೊರಗೆ ಜೋರು ಮಳೆ. ಸಭಾಂಗಣದಲ್ಲಿ ಟರ್ಪೆಂಟೈನ್ ವಾಸನೆ. ಬಣ್ಣ ಇನ್ನೂ ಒಣಗಿರಲಿಲ್ಲ, ಆ ಹವೆಯಲ್ಲಿ ಒಣಗುವುದೂ ಇಲ್ಲ. ಮಾವ ಚಪ್ಪಲಿ ಹೊರಗೆ ಬಿಟ್ಟು ಬಂದರು. ಎಡದಿಂದ ಶುರು ಮಾಡಿ ಒಂದೊಂದೇ ನೋಡಿದರು. ಅಬ್ಬಕ್ಕನ ಕಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಟ್ರಂಕ್ ನೋಡಿ ಗುರುತು ಹಿಡಿದು ಕತ್ತು ಆಡಿಸಿದರು. ಬಲ ತುದಿಗೆ ಬಂದರು.

ತುಂಬಾ ಹೊತ್ತು ಮಾತಿಲ್ಲ. ಮಾಸ್ಟ್ರು ಬ್ರಷ್ ಒರೆಸುತ್ತಾ ನಿಂತಿದ್ದರು.

"ಮಾಸ್ಟ್ರೇ, ಸರಳು ಇಷ್ಟು ನೇರ ಇರ್ಬಾರದು" ಅಂದರು ಮಾವ.

ಮಾಸ್ಟ್ರ ಕೈಯಿಂದ ಉದ್ದದ ಒಂದು ಬ್ರಷ್ ತೆಗೆದುಕೊಂಡರು. ಕುಕ್ಕರಗಾಲಲ್ಲಿ ಕೂತು ಕೆಂಪು ಸಿಮೆಂಟಿನ ನೆಲದ ಮೇಲೆ ಹಿಡಿದು ತೋರಿಸಿದರು. ಹಿಡಿಕೆ ನೆಲಕ್ಕೆ ಸಾಕಷ್ಟು ಬಗ್ಗಿತ್ತು. ಮಾಸ್ಟ್ರೂ ಪಕ್ಕದಲ್ಲಿ ಕೂತರು. ಪುಸ್ತಕದಲ್ಲಿ ಗೆರೆ ಎಳೆದುಕೊಂಡರು.

"ಮತ್ತೆ ಒಂದೇ ಕೈ ಯಾಕೆ?" ಮಾವ ಏಳಲಿಲ್ಲ. "ಒಬ್ಬನೇ ಹೋಗುವ ಕ್ರಮ ಇಲ್ಲ. ಬದಿಯಲ್ಲಿ ಇನ್ನೊಬ್ಬ ಇರ್ತಾನೆ. ಇಷ್ಟು ದೂರದಲ್ಲಿ." ಎಡಗೈ ಚಾಚಿ ನೆಲದ ಮೇಲೆ ದೂರ ತೋರಿಸಿದರು. ಅಲ್ಲಿ ಬಣ್ಣದ ಡಬ್ಬಿ ಇತ್ತು. ಮಾಸ್ಟ್ರು ಅದನ್ನು ಸರಿಸಿದರು.

"ಅದು ಮುದಿ ಕೈ ಅಲ್ಲ, ಎಳೇದು" ಅಂದರು ಮಾವ. ಮಳೆ ಜೋರಾಯಿತು. ನಾವು ಕಾದೆವು.

"ಎಡಗೈ ಬಿಡಿಸಿ. ಅವನು ಎಡಗೈಯವ."